ಹಿಮದ ನಾಡಿನ ನಾಯಿಶಾಲೆ

ಅಮೆರಿಕಕ್ಕೆ ಹೋಗಿ ಬಂದವರು ನಯಾಗರಾ ಜಲಪಾತವನ್ನೋ ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳನ್ನೋ ವರ್ಣಿಸಿ ಬರೆಯುವುದು ವಾಡಿಕೆ. ಅವನ್ನೆಲ್ಲ ನಾವೂ ನೋಡಿದೆವು. ಆದರೆ ಜತ್ತಕ್ಕೆ ಮರಳಿದ ಮೇಲೆ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದದ್ದು ಒಂದು ನಾಯಿಶಾಲೆ. ವಾಚಕ ಬಂಧುಗಳು ನಗಬಾರದು. ಜೀವಂಧರ ಕುಮಾರನು ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳಿದ, ಅದು ಯಕ್ಷನಾಗಿ ಹುಟ್ಟಿತು ಎಂಬ ಕಥೆ ಕೇಳಿ ಬೆಳೆದವರು ನಾವು.

2024ರ ಫೆಬ್ರವರಿಯಲ್ಲಿ ನಾವು ದಂಪತಿಗಳು ಬಾಸ್ಟನ್ ಹತ್ತಿರ ಮಗಳ ಮನೆಯಲ್ಲಿದ್ದೆವು. ಮೊಮ್ಮಗನ ಶಾಲೆಗೆ ಒಂದು ವಾರ ರಜೆ. ನಾಯಿಗಳು ಎಳೆಯುವ ಹಿಮಗಾಡಿಯಲ್ಲಿ ಕೂಡ್ರಬೇಕೆಂದು ಅವನು ಹಟ ಹಿಡಿದ. ನಾವು ಒಪ್ಪಲಿಲ್ಲ. ಮೂಕಪ್ರಾಣಿಗೆ ಹಗ್ಗ ಕಟ್ಟಿ ಮೋಜಿಗಾಗಿ ಅದರ ಹಿಂದೆ ಕೂಡ್ರುವುದು ಶ್ರಾವಕರಿಗೆ ತಕ್ಕದ್ದೇ? "ಬಂದು ನೋಡಿರಿ, ಮನಸ್ಸು ಬಾರದಿದ್ದರೆ ಕೂಡ್ರಬೇಡಿರಿ" ಎಂದು ಅಳಿಯಂದಿರು ಕಾರು ಹತ್ತಿಸಿದರು.

ಬಾಸ್ಟನ್‌ದಿಂದ ಉತ್ತರಕ್ಕೆ ಮೂರು ತಾಸಿನ ದಾರಿ, ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಶ್ವೇತ ಪರ್ವತ ಸೀಮೆ. ಅಲ್ಲಿಯ ವಾಷಿಂಗ್ಟನ್ ಶಿಖರ 6,288 ಅಡಿ, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟೇ ಎತ್ತರ. ಆದರೆ 1934ರಲ್ಲಿ ಅದರ ನೆತ್ತಿಯ ಮೇಲೆ ಗಾಳಿ ತಾಸಿಗೆ 231 ಮೈಲು ವೇಗದಲ್ಲಿ ಬೀಸಿತ್ತಂತೆ. ಮನೆಯ ಮಾಡು, ಮರ, ರಸ್ತೆ ಎಲ್ಲವೂ ಬೆಳ್ಳಗೆ. ಮೂಗಿನೊಳಗಿನ ಉಸಿರು ಕೂಡ ಹೆಪ್ಪುಗಟ್ಟುವ ಚಳಿ.

ಈ ಸೀಮೆಗೂ ಗಾಡಿ ನಾಯಿಗಳಿಗೂ ಹಳೆಯ ನಂಟು. ಇಲ್ಲಿಯ ವೊನಲನ್ಸೆಟ್ ಎಂಬ ಹಳ್ಳಿಯಲ್ಲಿ ಆರ್ಥರ್ ವಾಲ್ಡನ್ ಎಂಬವರ ಬಳಿ 1917ರಲ್ಲಿ 'ಚಿನೂಕ್' ಎಂಬ ಬೆರಕೆ ನಾಯಿ ಹುಟ್ಟಿತು. ಅದು 1928ರಲ್ಲಿ ಹೊರಟ ಬರ್ಡ್ ಸಾಹೇಬರ ದಂಡಿನೊಂದಿಗೆ ದಕ್ಷಿಣ ಧ್ರುವ ಖಂಡದವರೆಗೂ ಹೋಗಿ, ಅಲ್ಲಿಯೇ ಕಣ್ಮರೆಯಾಯಿತು. ಅದರ ವಂಶದ ತಳಿಯೇ 2009ರಿಂದ ಈ ರಾಜ್ಯದ ಅಧಿಕೃತ ನಾಯಿ. ಅದಕ್ಕಾಗಿ ಪ್ರಯತ್ನಿಸಿದವರು ಶಾಲೆಯ ಮಕ್ಕಳು.

ಟೋಗೋ ಎಂಬ ನಾಯಿಯ ಕಥೆ ಇನ್ನೂ ಸ್ವಾರಸ್ಯದ್ದು. ಅಲಾಸ್ಕಾದಲ್ಲಿ ಹುಟ್ಟಿದ ಈ ಮರಿ ಸಣ್ಣದು, ರೋಗಿಷ್ಠ, ಪುಂಡ. ಯಜಮಾನ ಸೆಪ್ಪಾಲಾ ಅದನ್ನು ಬೇರೆ ಮನೆಗೆ ಕೊಟ್ಟುಬಿಟ್ಟ. ಅದು ಕಿಟಕಿಯ ಗಾಜು ಒಡೆದುಕೊಂಡು ಓಡಿ ಬಂತು. 1925ರಲ್ಲಿ ನೋಮ್ ಪಟ್ಟಣದ ಮಕ್ಕಳಿಗೆ ಗಂಟಲುಮಾರಿ ಬಂದಾಗ ಇಪ್ಪತ್ತು ಜನ ಗಾಡಿಕಾರರು ಕೈಯಿಂದ ಕೈಗೆ 674 ಮೈಲು ಔಷಧ ಸಾಗಿಸಿದರು. ಅದರಲ್ಲಿ ಅತಿ ಉದ್ದದ, ಅತಿ ಅಪಾಯದ ಹಾದಿಯಲ್ಲಿ ಮುಂದಾಳಾಗಿ ಓಡಿದ್ದು ಈ ಬೇಡವಾದ ಮರಿಯೇ. ಅದು ಮುಪ್ಪಿನ ದಿನ ಕಳೆದು 1929ರಲ್ಲಿ ಸತ್ತದ್ದು ಪಕ್ಕದ ಮೇನ್ ರಾಜ್ಯದಲ್ಲಿ.

ನಾವು ಹೋದದ್ದು ಜೆಫರ್ಸನ್ ಹಳ್ಳಿಯ ಕಡೆಯ ಒಂದು ನಾಯಿಶಾಲೆಗೆ. ತುಪ್ಪುಳ ತುಂಬಿದ ಹಸ್ಕಿ ನಾಯಿಗಳನ್ನು ನಿರೀಕ್ಷಿಸಿದ್ದೆವು. ಕಂಡವುಗಳಲ್ಲಿ ಅರ್ಧದಷ್ಟು ಜೋಲುಕಿವಿಯ ಬೇಟೆ ನಾಯಿಗಳು. ಕೆಲವಂತೂ ನಮ್ಮ ಕಡೆಯ ಕಾರವಾನಿ, ಮುಧೋಳ ನಾಯಿಗಳ ಹಾಗೆ ಉದ್ದ ಕಾಲು, ಒಳಸೇರಿದ ಹೊಟ್ಟೆ. ಚಳಿಗೆಂದು ಅವಕ್ಕೆ ಅಂಗಿ ತೊಡಿಸಿದ್ದರು.

ದೇಶದ ದಕ್ಷಿಣ ರಾಜ್ಯಗಳಲ್ಲಿ ಬೇಟೆಯ ಕಾಲ ಮುಗಿದ ಮೇಲೆ ಕೆಲವರು ಉಪಯೋಗಕ್ಕೆ ಬಾರದ ನಾಯಿಗಳನ್ನು ದಾರಿಗೆ ಬಿಟ್ಟುಬಿಡುತ್ತಾರೆ. ದಯಾಳುಗಳು ಅವನ್ನು ವ್ಯಾನುಗಳಲ್ಲಿ ಉತ್ತರಕ್ಕೆ ತಂದು ಮನೆ ಹುಡುಕುತ್ತಾರೆ. ಅಲ್ಲಿದ್ದ ಒಂದು ಕರಿಯ ನಾಯಿಯನ್ನು ಮೂರು ಮನೆಯವರು ಸಾಕಲಾರದೆ ಹಿಂದಿರುಗಿಸಿದ್ದರು. ಬೇಲಿ ಹಾರುತ್ತಿತ್ತು, ಬಾಗಿಲು ಕಡಿಯುತ್ತಿತ್ತು. ಮೊಮ್ಮಗ ಅದಕ್ಕೆ 'ಕಾಳ್ಯಾ' ಎಂದು ಹೆಸರಿಟ್ಟ.

ನಾವು ವ್ಯಾಪಾರಿಗಳು, ಲೆಕ್ಕ ನೋಡದೆ ನಂಬುವವರಲ್ಲ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆಯಲ್ಲವೇ? ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಅವನ್ನೇ ಒರೆಗಲ್ಲು ಮಾಡಿಕೊಂಡೆವು. ಸರಪಳಿಯ ಬದಲು ಬೇಲಿ ಹಾಕಿದ ಅಂಗಳವಿತ್ತು. ಚಾವಟಿ ಇರಲಿಲ್ಲ, ಲಗಾಮು ಕೂಡ ಇಲ್ಲ. 'ಜೀ' ಎಂದರೆ ಬಲಕ್ಕೆ, 'ಹಾ' ಎಂದರೆ ಎಡಕ್ಕೆ, ಬರೀ ಬಾಯಿಮಾತು. ಬಾಲ ಕಿವಿ ಕತ್ತರಿಸಿರಲಿಲ್ಲ. ಪಟ್ಟಿಯ ಭಾರ ಗಂಟಲಿಗೆ ಬೀಳದೆ ಎದೆಗೆ ಹರಡುವಂತಿತ್ತು. ಬೆರಳ ಸಂದಿಯಲ್ಲಿ ಮಂಜು ಗಟ್ಟಿಯಾಗಬಾರದೆಂದು ಪಾದಕ್ಕೆ ಬಟ್ಟೆಯ ಚೀಲ. ಓಡುವ ಮುಂಚೆ ಬೆಚ್ಚಗಿನ ನೀರು. ಚಳಿಯಲ್ಲಿ ನೀರು ಕುಡಿಯಲೆಂದು ಅದರಲ್ಲಿ ಮಾಂಸದ ರಸ ಬೆರೆಸುತ್ತಾರೆ. ಅದನ್ನು ಕಂಡು ನಮ್ಮ ಮನಸ್ಸು ಮುದುಡಿತು. ಈ ಲೆಕ್ಕ ನಮ್ಮಿಂದ ಸರಿಹೋಗಲಿಲ್ಲ, ಹಾಗೆಯೇ ಬರೆದಿಟ್ಟಿದ್ದೇವೆ.

ಹಗ್ಗ ಕಟ್ಟಲು ತೊಡಗಿದಾಗ ಆದ ಗಲಾಟೆಯನ್ನು ಏನೆಂದು ಹೇಳೋಣ! ಎಲ್ಲ ನಾಯಿಗಳೂ ನನ್ನನ್ನು ಕಟ್ಟು, ನನ್ನನ್ನು ಕಟ್ಟು ಎಂಬಂತೆ ಕುಣಿದು ಕೂಗಿದವು. ಕಾಳ್ಯಾ ತಾನಾಗಿ ಪಟ್ಟಿಯೊಳಗೆ ತಲೆ ತೂರಿಸಿತು. ಗಾಡಿ ಹೊರಟದ್ದೇ ತಡ, ಒಂದು ಸದ್ದಿಲ್ಲ. ಹಿಮದ ಮೇಲೆ ಗಾಡಿ ಸರಿಯುವ ಸರಸರ ಮಾತ್ರ. ಮನೆಯವರೂ ಮೊಮ್ಮಗನೂ ಕೂತು ಹೋದರು. ನಾವು ನಿಂತು ನೋಡಿದೆವು. ಏರು ಬಂದಲ್ಲಿ ಗಾಡಿ ನಡೆಸುವ ಹೆಣ್ಣುಮಗಳು ಇಳಿದು, ತಾನೂ ಓಡುತ್ತ ಹಿಂದಿನಿಂದ ನೂಕಿದಳು.

ಆಗ ನಮ್ಮ ತೀರ್ಥರೂಪರ ನೆನಪಾಯಿತು. ಜವಳಿ ಗಂಟು ಹೇರಿಕೊಂಡು ಎತ್ತಿನ ಗಾಡಿಯಲ್ಲಿ ಸಂತೆಗೆ ಹೋಗುವಾಗ ಏರು ಬಂದರೆ, "ಇಳೀರಿ, ಎತ್ತಿಗೂ ಜೀವ ಐತಿ" ಎಂದು ಎಲ್ಲರನ್ನೂ ಇಳಿಸುತ್ತಿದ್ದರು. ಎರಡನೆಯ ಸುತ್ತಿಗೆ ನಾವೂ ಕೂತೆವು. ಏರಿನಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದೆವು ಕೂಡ.

ಎಲ್ಲ ಕಡೆಯೂ ಹೀಗೆಯೇ ಎಂದು ಹೇಳಲಾರೆವು. 2010ರಲ್ಲಿ ಕೆನಡಾದ ವಿಸ್ಲರ್‌ನಲ್ಲಿ ಪ್ರವಾಸಿಗರ ವ್ಯಾಪಾರ ಇಳಿದಾಗ ಗಾಡಿ ನಾಯಿಗಳನ್ನು ಕೊಂದು ಹೂಳಿದ್ದರು. ತನಿಖೆಯಲ್ಲಿ ಐವತ್ತಕ್ಕೂ ಹೆಚ್ಚು ಶವ ಹೊರತೆಗೆದರು. ಆದ್ದರಿಂದ ಹೋಗುವವರು ಮುದಿ ನಾಯಿಗಳನ್ನು ಏನು ಮಾಡುತ್ತೀರಿ ಎಂದು ಮೊದಲು ಕೇಳಬೇಕು. ನಾವೂ ಕೇಳಿದೆವು. ಆ ಹೆಣ್ಣುಮಗಳು ಒಲೆಯ ಮುಂದೆ ಮಲಗಿದ್ದ ಹನ್ನೊಂದು ವರ್ಷದ ನಾಯಿಯನ್ನು ತೋರಿಸಿದಳು. ಅದು ಈಗ ಭಾರ ಎಳೆಯುವುದಿಲ್ಲ. ಆದರೆ ವಾರಕ್ಕೊಮ್ಮೆ ಮರಿಗಳ ಮುಂದೆ ಒಂದು ಸಣ್ಣ ಸುತ್ತು ಓಡಿ ದಾರಿ ಕಲಿಸುತ್ತದೆ. "ಅಷ್ಟೂ ಬಿಡಿಸಿದರೆ ಊಟ ಬಿಡುತ್ತದೆ" ಎಂದಳು.

ನಮ್ಮ ಪಿಂಜರಾಪೋಳಗಳಲ್ಲಿ ಮುದಿ ಜೀವಗಳಿಗೆ ಮೇವು ನೀರು ಕೊಡುತ್ತೇವೆ. ಅದು ಪುಣ್ಯಕಾರ್ಯ, ಅನುಮಾನವಿಲ್ಲ. ಆದರೆ ಜೀವಕ್ಕೆ ಮೇವಷ್ಟೇ ಸಾಲದು, ತನ್ನಿಂದ ಇನ್ನೊಬ್ಬರಿಗೆ ಏನೋ ಆಗಬೇಕಾಗಿದೆ ಎಂಬ ಕರೆಯೂ ಬೇಕು. ಇದನ್ನು ಆ ನಾಯಿಯಿಂದ ಕಲಿತೆವು ಎಂದು ಹೇಳಲು ನಮಗೆ ಸಂಕೋಚವಿಲ್ಲ.

ಅಂಗಡಿಯನ್ನು ಮಗನಿಗೆ ವಹಿಸಿ ಎರಡು ವರ್ಷವಾಗಿತ್ತು. "ವಿಶ್ರಾಂತಿ ತಗೋರಿ" ಎನ್ನುವವರೇ ಎಲ್ಲ. ಊಟಕ್ಕೆ ಕೊರತೆ ಇರಲಿಲ್ಲ, ರುಚಿ ಮಾತ್ರ ಹತ್ತುತ್ತಿರಲಿಲ್ಲ. ಊರಿಗೆ ಬಂದ ಮಾರನೆಯ ದಿನ ಮಗನನ್ನು ಕರೆದು, ಬೆಳಿಗ್ಗೆ ಒಂದು ತಾಸು ರೋಕಡಿ ಬರೆಯುವ ಕೆಲಸ ಕೇಳಿದೆವು. ಕಂಪ್ಯೂಟರಿನಲ್ಲಿ ಲೆಕ್ಕ ಇದ್ದೇ ಇದೆ, ಆದರೂ ಅವನು ನಗದೆ ಪುಸ್ತಕ ತಂದು ಕೊಟ್ಟ. ಮನೆಯಲ್ಲಿ ಹಿರಿಯರಿರುವ ಬಂಧುಗಳಲ್ಲಿ ನಮ್ಮದೊಂದು ವಿನಂತಿ: ಅವರಿಗೂ ಒಂದು ಸಣ್ಣ ಸುತ್ತು ಬಿಟ್ಟುಕೊಡಿರಿ. ಏರು ಬಂದಲ್ಲಿ ಮಾತ್ರ ಹಿಂದಿನಿಂದ ಸ್ವಲ್ಪ ನೂಕಿರಿ.