ಭಟ್ರು ಫೋನಿನಲ್ಲಿದ್ದಾರೆ

ನಮ್ಮ ಕೆಲಸದಲ್ಲಿ ಅತಿ ಹೆಚ್ಚು ಸಲ ಕೇಳಿಸಿಕೊಳ್ಳುವ ಸಲಹೆ ‘ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ.’ ಕಷ್ಟ ಏನೆಂದರೆ, ಹೆಚ್ಚಿನ ಸಲ ಅದರಿಂದ ಸರಿಯಾಗುತ್ತದೆ. ಯಾಕೆ ಕೆಟ್ಟಿತ್ತು ಅಂತ ಮಾತ್ರ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಟಿಕೆಟ್ ಬುಕ್ ಮಾಡುವಾಗಲೋ ರಿಸಲ್ಟ್ ನೋಡುವಾಗಲೋ ‘502 ಬ್ಯಾಡ್ ಗೇಟ್‌ವೇ’ ಅನ್ನುವ ಬಿಳಿ ಪುಟವನ್ನು ನೀವೂ ಕಂಡಿರುತ್ತೀರಿ. ಸೈಟ್ ಸತ್ತುಹೋಗಿದೆ ಅಂದುಕೊಳ್ಳುತ್ತೇವೆ. ಪೂರ್ತಿ ಸತ್ತಿದ್ದರೆ ಆ ಪುಟವೂ ಬರುತ್ತಿರಲಿಲ್ಲ.

ಕಡಿಯಾಳಿಯಲ್ಲಿ ನಮ್ಮ ಆಫೀಸಿನ ಕೆಳಗೆ ಸಣ್ಣ ಹೋಟೆಲೊಂದಿದೆ. ಸಪ್ಲಾಯರ್ ಆರ್ಡರ್ ತೆಗೆದುಕೊಂಡು ಅಡುಗೆಮನೆಯ ಕಿಟಕಿಯಲ್ಲಿ ‘ಎರಡು ಮಸಾಲೆ, ಒಂದು ಬನ್ಸ್’ ಅಂತ ಕೂಗುತ್ತಾನೆ. ಒಳಗಿನ ಭಟ್ರು ಮಾಡಿ ಕೊಟ್ಟದ್ದನ್ನು ತಂದು ಟೇಬಲಿಗೆ ಇಡುತ್ತಾನೆ. ವೆಬ್‌ಸೈಟಿನದ್ದೂ ಇದೇ ವ್ಯವಸ್ಥೆ. ನಮ್ಮ ಸಪ್ಲಾಯರ್ ಎಂಜಿನ್‌ಎಕ್ಸ್, ಅಂದರೆ ವೆಬ್ ಸರ್ವರ್. ರಷ್ಯದ ಇಗೋರ್ ಸಿಸೋಯೆವ್ ಬರೆದು 2004ರಲ್ಲಿ ಹೊರಬಿಟ್ಟದ್ದು. ಭಟ್ರು ಪಿಎಚ್‌ಪಿ-ಎಫ್‌ಪಿಎಂ, ನಿಜವಾದ ಕೆಲಸ ಮಾಡುವ ಎಂಜಿನ್. 2010ರಲ್ಲಿ ಪಿಎಚ್‌ಪಿ 5.3.3ರ ಜೊತೆ ಅಧಿಕೃತವಾಗಿ ಸೇರಿತು. ಇಬ್ಬರೂ ಮಾತಾಡುವ ಭಾಷೆ ಫಾಸ್ಟ್‌ಸಿಜಿಐ, ಉಡುಪಿಯಲ್ಲಿ ರೋಬೋಸಾಫ್ಟ್ ಶುರುವಾದ 1996ರದ್ದೇ. ಸಪ್ಲಾಯರ್ ಕಿಟಕಿಯಿಂದ ಬರಿಗೈಯಲ್ಲಿ ವಾಪಸ್ ಬಂದು ಹೇಳುವ ಮಾತೇ 502.

ಕಿಟಕಿಯಲ್ಲಿ ಎಂತಾಯ್ತು ಅಂತ ಅವನು ಎರರ್ ಲಾಗಿನಲ್ಲಿ ನಂಬರು ಹಾಕಿ ಬರೆದಿಡುತ್ತಾನೆ. 2 ಅಂದರೆ ಕಿಟಕಿಯೇ ಇಲ್ಲ: ಪಿಎಚ್‌ಪಿ ಅಪ್‌ಗ್ರೇಡ್ ಆಗಿ ಸಾಕೆಟ್ ಫೈಲಿನ ಹೆಸರು ಬದಲಾಗಿರುತ್ತದೆ, ಇವನು ಹಳೇ ಜಾಗದಲ್ಲಿ ಹುಡುಕುತ್ತಿರುತ್ತಾನೆ. 13 ಅಂದರೆ ಕಿಟಕಿ ಉಂಟು, ಇವನಿಗೆ ಅಲ್ಲಿ ಅನುಮತಿ ಇಲ್ಲ. 111 ಅಂದರೆ ಕಿಟಕಿಯ ಆಚೆ ಜನ ಇಲ್ಲ. 11 ಅಂದರೆ ಜನ ಇದ್ದಾರೆ, ಆದರೆ ಕಾಯುವ ಸಾಲು ತುಂಬಿದೆ. 110 ಅಂದರೆ ಆರ್ಡರ್ ಒಳಗೆ ಹೋಗಿದೆ, ಕಾದರೂ ದೋಸೆ ಬರಲಿಲ್ಲ. ಬೇರೆ ಹೇಳದಿದ್ದರೆ ಅವನು ಕಾಯುವುದು 60 ಸೆಕೆಂಡು. ಆಗ ಗಿರಾಕಿಗೆ ಕಾಣುವುದು 502 ಅಲ್ಲ, 504. ಐದು ಬೇರೆ ಬೇರೆ ಕಾಯಿಲೆ. ಎಲ್ಲಕ್ಕೂ ನಾವು ಕೊಡುವುದು ಒಂದೇ ಮಾತ್ರೆ, ರೀಸ್ಟಾರ್ಟ್.

ಎರಡು ವರ್ಷದ ಹಿಂದೆ ಒಂದು ಕಾಲೇಜಿನವರು ಕರೆದರು. ಫೀಸು ಕಟ್ಟುವ ಕೊನೇ ದಿನ. ಬೇರೆಯವರು ಮಾಡಿಕೊಟ್ಟ ಸೈಟು ಬೆಳಗ್ಗಿಂದ ಬೀಳುತ್ತಾ ಏಳುತ್ತಾ ಇತ್ತು. ಅಲ್ಲಿಯ ಹುಡುಗ ಕಾಲು ಗಂಟೆಗೊಮ್ಮೆ ರೀಸ್ಟಾರ್ಟ್ ಮಾಡುತ್ತಿದ್ದ. ನಾನು ಅವರ ಆಫೀಸಿನಲ್ಲಿ ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಕಾರ್ಕಳದ ಕಡೆಯಿಂದ ಬಸ್ಸು ಹತ್ತಿ ಬಂದ ಒಬ್ಬರು ಕೌಂಟರಿನಲ್ಲಿ ನಿಂತಿದ್ದರು. ‘ಅಡಿಕೆ ಮಾರಿದ ದುಡ್ಡು ಮಾರಾಯ್ರೆ. ಅಕೌಂಟಿಂದ ಹೋಗಿದೆ, ನಿಮ್ಮಲ್ಲಿ ಬಾಕಿ ಅಂತಲೇ ತೋರಿಸ್ತಾ ಉಂಟು. ಇನ್ನೊಮ್ಮೆ ಕಟ್ಲಿಕ್ಕೆ ನನ್ನ ಹತ್ರ ಇಲ್ಲ.’ ನಮ್ಮ ಮನೆಯಲ್ಲೂ ಫೀಸು ಹೋಗುತ್ತಿದ್ದದ್ದು ಅಡಿಕೆಯಿಂದಲೇ. ಇನ್ನೊಮ್ಮೆ ಅಂದರೆ ಮುಂದಿನ ಕೊಯ್ಲು.

‘ರೀಸ್ಟಾರ್ಟ್ ಮಾಡುವನಾ ಸರ್?’ ಅಂದ ಹುಡುಗ. ಬೇಡ, ಮುಟ್ಟಬೇಡ ಅಂದೆ.

ಲಾಗಿನಲ್ಲಿ ಮೊದಲು 110ರ ಸಾಲುಗಳು, ಹಿಂದೆಯೇ 11. ಅಂದರೆ ಮೊದಲು ಕೆಲಸ ನಿಧಾನವಾಗಿದೆ, ಆಮೇಲೆ ಸಾಲು ತುಂಬಿದೆ. ಎಫ್‌ಪಿಎಂನ ಲಾಗು ಇನ್ನೂ ಸ್ಪಷ್ಟ: ಐವರ ಮಿತಿ ಮುಟ್ಟಿದೆ, ಹೆಚ್ಚಿಸಿ. ಇನ್‌ಸ್ಟಾಲ್ ಮಾಡಿದಾಗ ಬರುವ ಮಿತಿಯೇ ಐದು, ಅದನ್ನು ಯಾರೂ ಬದಲಿಸಿರಲಿಲ್ಲ. ಆದರೆ ಸಿಪಿಯು ನೋಡಿದರೆ ಆರಾಮಾಗಿ ಮಲಗಿದೆ! ಐವರು ಭಟ್ರು ಒಳಗಿದ್ದಾರೆ, ಒಲೆ ತಣ್ಣಗಿದೆ. ಹಾಗಾದರೆ ಮಾಡುತ್ತಿರುವುದೆಂತ? ಯಾರ ಕನೆಕ್ಷನ್ ಎಲ್ಲಿಗೆ ಅಂತ ಹುಡುಕಿದರೆ ಐದೂ ಒಂದೇ ವಿಳಾಸಕ್ಕೆ, ಎಸ್ಸೆಮ್ಮೆಸ್ ಕಳಿಸುವ ಕಂಪನಿಯ ಸರ್ವರಿಗೆ. ಅದು ಉತ್ತರಿಸುತ್ತಿರಲಿಲ್ಲ. ಭಟ್ರು ಐವರೂ ಫೋನ್ ಹಿಡಿದು ‘ಹಲೋ ಹಲೋ’ ಅನ್ನುತ್ತಾ ನಿಂತಿದ್ದರು. ಪಿಎಚ್‌ಪಿಗೆ 30 ಸೆಕೆಂಡಿನ ಮಿತಿ ಇದೆಯಲ್ಲ ಅನ್ನಬಹುದು. ಲಿನಕ್ಸಿನಲ್ಲಿ ಹೀಗೆ ನೆಟ್‌ವರ್ಕಿಗಾಗಿ ಕಾದ ಹೊತ್ತು ಆ ಲೆಕ್ಕಕ್ಕೆ ಸೇರುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಕೋಡಿನಲ್ಲಿತ್ತು. ರಶೀದಿಯ ಎಸ್ಸೆಮ್ಮೆಸ್ ಹೋದ ಮೇಲೆಯೇ ಡೇಟಾಬೇಸಿನಲ್ಲಿ ‘ಕಟ್ಟಿದೆ’ ಅಂತ ಗುರುತು ಬೀಳುವಂತೆ ಬರೆದಿದ್ದರು. ಹಾಗಾಗಿ ಪ್ರತಿ ರೀಸ್ಟಾರ್ಟಿಗೂ ಆ ಕ್ಷಣ ಒಳಗಿದ್ದ ಐದು ಜನರ ಫೀಸು ಅರ್ಧದಲ್ಲೇ ತುಂಡಾಗುತ್ತಿತ್ತು, ಸಾಲಿನಲ್ಲಿ ಕಾಯುತ್ತಿದ್ದವರೆಲ್ಲ ಹೊರಗೆ ಬೀಳುತ್ತಿದ್ದರು. ಸೈಟು ಹತ್ತು ನಿಮಿಷ ಓಡುತ್ತಿತ್ತು, ಎಲ್ಲರಿಗೂ ಸಮಾಧಾನ. ಬೆಲೆ ಕೊಡುತ್ತಿದ್ದವರು ಕೌಂಟರಿನಾಚೆ ನಿಂತವರು.

‘ಐದನ್ನು ಇನ್ನೂರು ಮಾಡಿದ್ರೆ ಆಯ್ತಲ್ಲ?’ ಅಂತ ಇನ್ನೊಂದು ಸಲಹೆ ಬಂತು. ಒಬ್ಬೊಬ್ಬ ಭಟ್ರಿಗೆ ಅಲ್ಲಿ ಸುಮಾರು 50 ಎಂಬಿ ಮೆಮೊರಿ ಬೇಕಿತ್ತು, ಮಶೀನಿನಲ್ಲಿ ಇದ್ದದ್ದೇ 2 ಜಿಬಿ. ಇನ್ನೂರು ಜನ ನುಗ್ಗಿದರೆ ಲಿನಕ್ಸೇ ಕೆಲವರನ್ನು ಕೊಂದು ಜಾಗ ಮಾಡಿಕೊಳ್ಳುತ್ತದೆ. ಉಳಿದವರೂ ಫೋನ್ ಹಿಡಿದೇ ನಿಲ್ಲುತ್ತಾರೆ.

ಮಾಡಿದ್ದು ಮೂರು ಬದಲಾವಣೆ. ಮೊದಲು ‘ಕಟ್ಟಿದೆ’ ಅಂತ ಗುರುತು. ಎಸ್ಸೆಮ್ಮೆಸ್ ಆಮೇಲೆ, ಪ್ರತ್ಯೇಕ ಸಾಲಿನಲ್ಲಿ, ಮೂರು ಸೆಕೆಂಡು ಮಾತ್ರ ಕಾಯುವ ಹಾಗೆ. ಭಟ್ರ ಸಂಖ್ಯೆ ಇಪ್ಪತ್ತು. ಕೊನೆಗೆ ನಾವೂ ರೀಸ್ಟಾರ್ಟ್ ಮಾಡಿದೆವು, ಒಂದೇ ಸಲ, ಹೊಸ ಆರ್ಡರ್ ನಿಲ್ಲಿಸಿ, ಒಳಗಿದ್ದದ್ದು ಮುಗಿಯುವವರೆಗೆ ಕಾದು.

ಎಂಜಿನ್‌ಎಕ್ಸಿಗೆ ಇನ್ನೊಂದು ಪುಸ್ತಕ ಉಂಟು, ಆಕ್ಸೆಸ್ ಲಾಗು. ಬರಿಗೈಯಲ್ಲಿ ಕಳಿಸಿದ ಗಿರಾಕಿಯನ್ನೂ ಅದರಲ್ಲಿ ಬರೆದಿರುತ್ತದೆ. ದುಡ್ಡು ಕಟ್ಟಿ ವಾಪಸ್ ಬಂದ ಪ್ರತಿ ವಿಳಾಸದಲ್ಲೂ ವ್ಯವಹಾರದ ನಂಬರು ಇತ್ತು, ಪಕ್ಕದಲ್ಲಿ 502 ಅಥವಾ 504. ಅವನ್ನೆಲ್ಲ ಹೆಕ್ಕಿ, ಪೇಮೆಂಟ್ ಕಂಪನಿಯ ಪಟ್ಟಿಗೆ ತಾಳೆ ನೋಡಿ, ಪ್ರಿಂಟ್ ತೆಗೆದು ಕಾಲೇಜಿನ ಕ್ಲಾರ್ಕಿಗೆ ಕೊಟ್ಟೆವು. ಅಡಿಕೆ ಮಾರಿದವರ ನಂಬರೂ ಅದರಲ್ಲಿತ್ತು. ಅವರು ಎರಡೆರಡು ಸಲ ಓದಿಸಿಕೊಂಡರು.

ಈಗ ನಮ್ಮ ತಂಡಕ್ಕೆ ಹೊಸದಾಗಿ ಸೇರುವವರಿಗೆ ಒಂದು ನಿಯಮ ಹೇಳುತ್ತೇನೆ. ರೀಸ್ಟಾರ್ಟ್ ಒತ್ತುವ ಮೊದಲು ಎರಡು ನಿಮಿಷ ಕೊಡಿ. ಎರರ್ ಲಾಗಿನ ಕೊನೆಯ ಸಾಲುಗಳು, ಯಾವ ಪ್ರೊಸೆಸ್ ಎಷ್ಟು ಹೊತ್ತಿಂದ ಇದೆ, ಯಾರ ಕನೆಕ್ಷನ್ ಎಲ್ಲಿಗೆ ಅನ್ನುವ ಮೂರನ್ನೂ ಫೈಲಿಗೆ ಹಾಕಿಡಿ. ಆಮೇಲೂ ರೀಸ್ಟಾರ್ಟೇ ಬೇಕಾದರೆ ಒತ್ತಿ, ಆದರೆ ಆ ಹೊತ್ತಲ್ಲಿ ಒಳಗೆ ಯಾರ ಕೆಲಸ ಅರ್ಧ ಆಗಿತ್ತು ಅಂತ ಪಟ್ಟಿ ಮಾಡಿಟ್ಟೇ ಒತ್ತಿ.