ಹೊಲಿದಿಟ್ಟ ಧಾರಾವಾಹಿಗಳು

2024ರ ಜನವರಿಯಲ್ಲಿ ದೇಶವೆಲ್ಲ ಅಯೋಧ್ಯೆಯ ಕಡೆ ನೋಡುತ್ತಿದ್ದಾಗ ಮುಂಬಯಿ ಬಳಿಯ ನಮ್ಮ ಡೊಂಬಿವಲಿಯಲ್ಲೂ ಒಂದು ರಾಮಮಂದಿರ ಎದ್ದಿತ್ತು, ಪುಸ್ತಕಗಳಿಂದ ಕಟ್ಟಿದ ಮಂದಿರ. ಪೈ ಫ್ರೆಂಡ್ಸ್ ಲೈಬ್ರರಿಯ ಪುಂಡಲೀಕ ಪೈಯವರು ನಡೆಸುವ ಪುಸ್ತಕ ಆದಾನ-ಪ್ರದಾನದ ಆಕರ್ಷಣೆ ಅದು. ಓದಿ ಮುಗಿಸಿದ್ದನ್ನು ತಂದುಕೊಡಬೇಕು, ಬೇರೆಯವರು ತಂದಿಟ್ಟದ್ದರಲ್ಲಿ ಬೇಕಾದ್ದನ್ನು ಆರಿಸಿಕೊಂಡು ಹೋಗಬೇಕು. 1986ರಿಂದ ಈ ಊರಿಗೆ ಓದುವ ಚಟ ಹಿಡಿಸುತ್ತ ಬಂದವರು ಪೈಯವರು. ಮಂದಿರದ ಫೋಟೋ ನೋಡುವಾಗ ನನ್ನ ಕಣ್ಣು ಅಭ್ಯಾಸಬಲದಿಂದ ಪುಸ್ತಕಗಳ ಬೆನ್ನಿನ ಮೇಲೆ ಕನ್ನಡದ ಅಕ್ಷರ ಹುಡುಕಿತು. ಆಮೇಲೆ ನೆನಪಾದದ್ದು ನಮ್ಮ ಅಡುಗೆಮನೆಯ ಅಟ್ಟದ ಮೇಲಿದ್ದ, ಬೆನ್ನ ಮೇಲೆ ಯಾವ ಹೆಸರೂ ಇಲ್ಲದ ಪುಸ್ತಕಗಳು.

ಅವನ್ನು ಪುಸ್ತಕ ಎನ್ನಬಹುದೋ ಇಲ್ಲವೋ, ಅದೂ ಅನುಮಾನವೇ. ವಾರಪತ್ರಿಕೆಗಳಿಂದ ಧಾರಾವಾಹಿಯ ಪುಟಗಳನ್ನಷ್ಟೇ ಬಿಡಿಸಿ ಅಮ್ಮ ಹೊಲಿದಿಟ್ಟ ಕಟ್ಟುಗಳು ಅವು. 1965ರಲ್ಲಿ ಶುರುವಾದ ‘ಸುಧಾ’, 1983ರಲ್ಲಿ ಬಂದ ‘ತರಂಗ’ ಎರಡೂ ನಮ್ಮ ಬಿಲ್ಡಿಂಗಿನ ಮೂರು ಮಾಳಿಗೆಗಳಲ್ಲಿ ಸುತ್ತು ಹೊಡೆದು, ಮೂಲೆ ಮಡಚಿಕೊಂಡು ವಾಪಸು ಬರುತ್ತಿದ್ದವು. ಅಮ್ಮ ಪಿನ್ನು ಕಿತ್ತು, ಸಾಯಿಸುತೆಯವರ ಕಂತನ್ನೋ ತೆಲುಗಿನಿಂದ ಬಂದ ಯಂಡಮೂರಿಯ ಕಂತನ್ನೋ ಬೇರ್ಪಡಿಸಿ ಹಾಸಿಗೆಯ ಅಡಿಗೆ ಸೇರಿಸುತ್ತಿದ್ದರು. ಕಥೆ ಮುಗಿಯುವ ಹೊತ್ತಿಗೆ ಹಾಸಿಗೆ ಒಂದು ಕಡೆ ಎತ್ತರವಾಗಿರುತ್ತಿತ್ತು. ಆಗ ದಬ್ಬಳ ಹೊರಬರುತ್ತಿತ್ತು. ಹುರಿದಾರದಲ್ಲಿ ಮೂರು ಕಡೆ ಹೊಲಿಗೆ, ಮೈದಾ ಹಿಟ್ಟಿನ ಅಂಟು, ಹುಳ ಹತ್ತದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತು, ಮೇಲೆ ಬ್ಯಾಂಕಿನ ಹಳೆಯ ಕ್ಯಾಲೆಂಡರಿನ ಹೊದಿಕೆ. ಮಕ್ಕಳು ಮೈಲುತುತ್ತಿನ ಹತ್ತಿರ ಸುಳಿಯಬಾರದು ಎಂಬ ಕಟ್ಟಪ್ಪಣೆ ಬೇರೆ.

ಕಾದಂಬರಿಗಿಂತ ನನಗೆ ಇಷ್ಟವಾಗುತ್ತಿದ್ದದ್ದು ಆ ಕಟ್ಟಿನಲ್ಲಿ ಸಿಕ್ಕಿಬಿದ್ದ ಉಳಿದ ಸಂಗತಿಗಳು. ನಾಯಕಿ ರೈಲು ಹತ್ತುವ ಪುಟದ ಹಿಂದೆ ಹಾಗಲಕಾಯಿ ಗೊಜ್ಜಿನ ಅರ್ಧ ವಿಧಾನ ಇರುತ್ತಿತ್ತು. ಯಾರದೋ ಪ್ರಶ್ನೆ ಇದ್ದರೆ ಉತ್ತರ ಇರುತ್ತಿರಲಿಲ್ಲ. ಅಚ್ಚಾದ ಕಾದಂಬರಿಯಲ್ಲಿ ಇದೆಲ್ಲ ಎಲ್ಲಿ ಬರಬೇಕು?

ಊರು ಬಿಟ್ಟು ಬಂದು ಹೋಟೆಲು, ಬ್ಯಾಂಕು, ರೈಲ್ವೆ ಎಂದು ಕೆಲಸ ಹಿಡಿದವರ ಮನೆಗಳು ಥಾಣೆಯಿಂದ ಕಲ್ಯಾಣದವರೆಗೆ ಹಬ್ಬಿಕೊಂಡಿದ್ದವು. ಇಂಥ ಕಟ್ಟುಗಳು ಆ ಮನೆಗಳ ನಡುವೆ ಓಡಾಡುತ್ತಿದ್ದವು. ಸತ್ಯನಾರಾಯಣ ಪೂಜೆಗೆ ಹೋದವರು ಪ್ರಸಾದದ ಜೊತೆ ಒಂದು ಕಾದಂಬರಿಯನ್ನೂ ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದರು. ವಾಪಸು ಕೊಡದವರ ಹೆಸರು ಎಲ್ಲರಿಗೂ ಗೊತ್ತಿರುತ್ತಿತ್ತು. ಆದಾನ-ಪ್ರದಾನ ಎಂಬ ದೊಡ್ಡ ಹೆಸರು ಅದಕ್ಕೆ ಇರಲಿಲ್ಲ ಅಷ್ಟೆ. ಕಲ್ಯಾಣದಲ್ಲಿ 1864ರ ಸಾರ್ವಜನಿಕ ವಾಚನಾಲಯವಿದೆ, ಥಾಣೆಯಲ್ಲಿ 1893ರ ಮರಾಠಿ ಗ್ರಂಥ ಸಂಗ್ರಹಾಲಯವಿದೆ. ಮರಾಠಿಗರು ಓದುವ ಮನೆಗಳನ್ನು ಎಷ್ಟು ಮೊದಲೇ ಕಟ್ಟಿಕೊಂಡರು ಎಂದು ಹೊಟ್ಟೆಕಿಚ್ಚಾಗುತ್ತದೆ. ನಮ್ಮ ಕನ್ನಡ ಸಂಘಗಳಲ್ಲೂ ಕಪಾಟುಗಳಿದ್ದವು, ಇವೆ. ಆದರೆ ಕ್ಯಾಲೆಂಡರ್ ಹೊದಿಕೆಯ, ಲೇಖಕರ ಹೆಸರು ಬಾಲ್‌ಪೆನ್ನಿನಲ್ಲಿ ಬರೆದ ಕಟ್ಟನ್ನು ಯಾವ ಗ್ರಂಥಪಾಲ ರಿಜಿಸ್ಟರಿಗೆ ಏರಿಸಿಕೊಳ್ಳುತ್ತಾನೆ?

2005ರ ಜುಲೈ 26ರ ಮಳೆ ಈ ಕಟ್ಟುಗಳ ಒಂದು ಪಾಲನ್ನು ಒಯ್ದಿತು. ಕಲ್ಯಾಣದ ತಗ್ಗಿನ ಚಾಳುಗಳಲ್ಲಿ ನೆಲಮಟ್ಟದ ಮನೆಗಳಲ್ಲಿದ್ದವರು ಉಬ್ಬಿದ ಕಾಗದದ ಮುದ್ದೆಗಳನ್ನು ಬಾಗಿಲ ಹೊರಗೆ ರಾಶಿ ಹಾಕಿದ್ದರು. ಉಳಿದದ್ದನ್ನು ಈಗ ರಿಡೆವಲಪ್‌ಮೆಂಟ್ ಒಯ್ಯುತ್ತಿದೆ. ಲಿಫ್ಟಿಲ್ಲದ ಹಳೆಯ ಬಿಲ್ಡಿಂಗುಗಳು ಒಂದೊಂದಾಗಿ ಬೀಳುತ್ತಿವೆ. ಟವರ್ ಏಳುವವರೆಗೆ ಬಾಡಿಗೆ ಮನೆ. ಹೊಸ ಫ್ಲಾಟಿನಲ್ಲಿ ಅಟ್ಟವೇ ಇಲ್ಲ, ಕನ್ನಡ ಓದಬಲ್ಲ ಮೊಮ್ಮಕ್ಕಳೂ ಇಲ್ಲ. ರದ್ದಿಯವನು ಬರುತ್ತಾನೆ. ಇಂಗ್ಲಿಷ್ ಪುಸ್ತಕವನ್ನು ಪಕ್ಕಕ್ಕಿಡುತ್ತಾನೆ, ಮರಾಠಿಯದನ್ನು ಒಮ್ಮೆ ತಿರುವಿ ನೋಡುತ್ತಾನೆ, ಅಮ್ಮನ ಕಟ್ಟುಗಳನ್ನು ಪೇಪರಿನ ಜೊತೆಗೇ ತಕ್ಕಡಿಗೆ ಹಾಕುತ್ತಾನೆ. ಅವನನ್ನು ದೂರುವಂತಿಲ್ಲ. ಕರೆದದ್ದು ನಾವೇ.

ಡೊಂಬಿವಲಿಯ ಆ ಮಂದಿರದಂತೆ ಪುಸ್ತಕದಿಂದ ಶಿಲ್ಪ ಕಟ್ಟುವುದನ್ನು ಜಗತ್ತು ಬಹಳ ಕಂಡಿದೆ. ಪ್ರಾಗ್ ನಗರದ ಗ್ರಂಥಾಲಯದಲ್ಲಿ ಮಟೇಯ್ ಕ್ರೆನ್ ಎಂಬ ಕಲಾವಿದ ಸಾವಿರಾರು ಪುಸ್ತಕಗಳ ಗೋಪುರ ನಿಲ್ಲಿಸಿದ್ದಾನೆ. ಒಳಗೆ ಕನ್ನಡಿಯಿಟ್ಟದ್ದರಿಂದ ಅದಕ್ಕೆ ತಳವೂ ಇಲ್ಲ, ತುದಿಯೂ ಇಲ್ಲ. ಜನ ಸರದಿಯಲ್ಲಿ ನಿಂತು ಇಣುಕುತ್ತಾರೆ. ಚೆಂದವೇ, ಆದರೆ ಅಲ್ಲಿಂದ ಒಂದು ಪುಸ್ತಕ ಎಳೆದು ಓದುವಂತಿಲ್ಲ. ನನ್ನ ಮನಸ್ಸು ಹೋಗುವುದು ಅರ್ಜೆಂಟಿನಾದ ಮಾರ್ತಾ ಮಿನುಹಿನ್ ಕಡೆಗೆ. 1983ರಲ್ಲಿ ಸೇನಾ ಸರ್ಕಾರ ತೊಲಗಿದ ಬೆನ್ನಲ್ಲೇ, ಅದು ನಿಷೇಧಿಸಿದ್ದ ಪುಸ್ತಕಗಳನ್ನೇ ಹೊದಿಸಿ ಆಕೆ ಬ್ಯೂನಸ್ ಐರಿಸಿನ ಬೀದಿಯಲ್ಲಿ ಗ್ರೀಕರ ಪಾರ್ಥೆನಾನ್ ಗುಡಿಯನ್ನೇ ಎಬ್ಬಿಸಿದಳು. ಕೊನೆಗೆ ಅದನ್ನು ಬಿಚ್ಚಿ ಜನರಿಗೆ ಪುಸ್ತಕ ಹಂಚಿದಳು. ಗುಡಿ ಹೋಯಿತು, ಪುಸ್ತಕ ಮನೆಗೆ ಬಂತು. ನಮ್ಮ ಕಟ್ಟುಗಳನ್ನೂ ಯಾರಾದರೂ ಒಂದು ದಿನದ ಮಟ್ಟಿಗಾದರೂ ಹೀಗೆ ಪೇರಿಸಿದ್ದರೆ, ಡೊಂಬಿವಲಿಯ ಎಷ್ಟು ಹೆಂಗಸರು ಎಷ್ಟು ಮಧ್ಯಾಹ್ನಗಳಲ್ಲಿ ಎಷ್ಟು ಹೊಲಿದರು ಎಂದು ಕಣ್ಣಿಗಾದರೂ ಕಾಣುತ್ತಿತ್ತು.

ಅಮ್ಮನ ಒಂದೇ ಒಂದು ಕಟ್ಟು ನನ್ನ ಹತ್ತಿರ ಉಳಿದಿದೆ. ಮೊದಲ ಪುಟವೂ ಇಲ್ಲ, ಕೊನೆಯ ಕಂತೂ ಇಲ್ಲ. ಕಾದಂಬರಿಯ ಹೆಸರು ತಿಳಿಯೋಣವೆಂದು ವಾಶಿಯ ಒಂದು ಮದುವೆಯಲ್ಲಿ ಇಬ್ಬರು ಹಿರಿಯರಿಗೆ ಕಥೆ ಹೇಳಿದೆ.

“ಅಯ್ಯೋ ಅದಾ, ಕೊನೆಗೆ ಅವಳು ತವರಿಗೆ ಹೋಗ್ತಾಳೆ ಮಾರಾಯ್ತಿ,” ಎಂದರು ಒಬ್ಬರು.

“ಎಂಥದು ತವರು? ಅವಳು ಬೊಂಬಾಯಿಗೆ ಬರ್ತಾಳೆ, ಟೀಚರ್ ಆಗ್ತಾಳೆ. ನಾನೇ ಹೊಲಿದದ್ದು ಅದನ್ನು,” ಎಂದರು ಇನ್ನೊಬ್ಬರು.

ಊಟದ ಎಲೆ ಎತ್ತುವವರೆಗೂ ಇಬ್ಬರೂ ಜಗ್ಗಲಿಲ್ಲ. ಹೆಸರು ಮಾತ್ರ ಇಬ್ಬರಿಗೂ ನೆನಪಾಗಲಿಲ್ಲ.