ಪಟ್ಟಿಯಲ್ಲಿ ಬಿಟ್ಟ ಒಂದು ಹೆಸರು



ನಾವು ಓದಿದ್ದು ಮೆಟ್ರಿಕ್ ತನಕ ಮಾತ್ರ. ಬೆಳಗಾವಿ ಜಿಲ್ಲೆಯಿಂದ ಗೋವೆಗೆ ಬಂದು ನಲವತ್ತು ವರ್ಷಗಳ ಮೇಲಾಯಿತು. ಮನೆ ಫಾತೋರ್ಡಾದಲ್ಲಿ, ಕಿರಾಣಿ ಸಗಟು ಅಂಗಡಿ ಮಡಗಾಂವದ ಪೇಟೆಯಲ್ಲಿ. ಬೆಲ್ಲ, ಬೇಳೆ, ಬ್ಯಾಡಗಿ ಮೆಣಸಿನಕಾಯಿ ಮಾರಿ ಸಂಸಾರ ನಡೆಸಿದವರು ನಾವು. ವಿಜ್ಞಾನದ ವಿಷಯ ಬರೆಯುವ ಅಧಿಕಾರ ನಮಗಿಲ್ಲ. ಆದರೂ ರೋಗ ಹರಡುವ ಜಾಲದ ಒಂದು ಲೆಕ್ಕವನ್ನು ಕಲಿತೆವು, ಅದೂ ತಡವಾಗಿ. ನಮ್ಮ ತಪ್ಪಿನಿಂದ ಇನ್ನೊಂದು ಮನೆಗಾದರೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇವೆ.

2020ನೆಯ ಇಸವಿ, ಆಗಸ್ಟ್ ತಿಂಗಳ ಕೊನೆಯ ವಾರ. ಕೊರೊನಾ ಮಡಗಾಂವಕ್ಕೂ ಬಂದಿತ್ತು. ನಮಗೆ ಜ್ವರ ಬಂತು, ಪರೀಕ್ಷೆಯಲ್ಲಿ ರೋಗ ಇದೆಯೆಂದು ತಿಳಿಯಿತು. ಮನೆಯಲ್ಲಿಯೇ ಬೇರೆ ಕೋಣೆಯಲ್ಲಿದ್ದೆವು. ಆರೋಗ್ಯ ಇಲಾಖೆಯ ಒಬ್ಬ ಹೆಣ್ಣುಮಗಳು ಫೋನ್ ಮಾಡಿ, "ಕಳೆದ ಕೆಲವು ದಿನಗಳಲ್ಲಿ ಯಾರು ಯಾರ ಹತ್ತಿರ ಕೂತು ಮಾತಾಡಿದ್ದೀರಿ, ಎಲ್ಲರ ಹೆಸರು ಹೇಳಿ" ಎಂದು ಬಹಳ ಸೌಜನ್ಯದಿಂದ ಕೇಳಿದಳು. ನಾವು ಏಳು ಹೆಸರು ಬರೆಸಿದೆವು. ಎಂಟನೆಯದನ್ನು ಬಿಟ್ಟೆವು.

ಎಂಟನೆಯ ಹೆಸರು ನಮ್ಮ ದಿವಾಣಜಿಯದು. ವಯಸ್ಸಾದ ಬಡ ಮನುಷ್ಯ. ದಿನಾ ಸಂಜೆ ಒಂದು ತಾಸು ನಮ್ಮ ಕಿರ್ದಿ ಖಾತೆ ಬರೆದು, ಮುಂದೆ ಇನ್ನೂ ಮೂರು ಅಂಗಡಿಗಳಿಗೆ ಹೋಗುತ್ತಿದ್ದರು. ಅವರ ಹೆಸರು ಹೇಳಿದರೆ ಹದಿನಾಲ್ಕು ದಿನ ಅವರ ಕೆಲಸ ನಿಲ್ಲುತ್ತದೆ, ಮೂರೂ ಅಂಗಡಿಯವರಿಗೆ ಫೋನ್ ಹೋಗುತ್ತದೆ, ನಮ್ಮಿಂದ ಎಲ್ಲರ ವ್ಯಾಪಾರ ನಿಂತಿತೆಂದು ಪೇಟೆಯಲ್ಲಿ ಮಾತಾಗುತ್ತದೆ ಎಂಬ ಅಂಜಿಕೆ. ಆತ ಯಾವಾಗಲೂ ದೂರವೇ ಕೂತಿರುತ್ತಾರೆ ಎಂದು ನಮ್ಮನ್ನು ನಾವೇ ಸಮಾಧಾನ ಮಾಡಿಕೊಂಡೆವು. ಅದು ಸುಳ್ಳು. ಒಂದೇ ಖಾತೆ ಪುಸ್ತಕದ ಮೇಲೆ ಇಬ್ಬರೂ ಬಗ್ಗಿ ಕೂತಿದ್ದೆವು.

ಒಂದು ವಾರದೊಳಗೆ ದಿವಾಣಜಿಗೆ ಜ್ವರ ಬಂತು. ಅಷ್ಟರೊಳಗೆ ಅವರು ಮೂರೂ ಅಂಗಡಿಗಳಿಗೆ ಹೋಗಿ ಬಂದಿದ್ದರು. ಅವರು ಗುಣವಾದರು. ಆದರೆ ಮೂರನೆಯ ಅಂಗಡಿಯ ಮಾಲೀಕರ ತಂದೆಯವರು, ಎಂಬತ್ತು ದಾಟಿದ ಹಿರಿಯರು, ಆಸ್ಪತ್ರೆಗೆ ಹೋದವರು ಮರಳಿ ಬರಲಿಲ್ಲ. ಆ ರೋಗ ನಮ್ಮ ಮೂಲಕವೇ ಹೋಯಿತೆಂದು ಯಾರೂ ರುಜುವಾತು ಮಾಡಲಾರರು. ಅಲ್ಲವೆಂದು ನಾವೂ ಹೇಳಲಾರೆವು.

ಅದೇ ದಿನಗಳಲ್ಲಿ ಕ್ಷಮಾವಣಿ ಬಂತು. ಕೋಣೆಯೊಳಗೆ ಕೂತು ನಲವತ್ತು ಮಂದಿಗೆ ಫೋನ್ ಮಾಡಿ, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿರೆಂದು ಕೇಳಿದೆವು. ತಿಳಿದೇ ತಪ್ಪು ಮಾಡಿದ್ದು ಯಾರಿಗೋ, ಅವರಿಗೆ ಮಾತ್ರ ಫೋನ್ ಮಾಡಲಿಲ್ಲ.

ಎರಡು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೆವು. 2022ರ ದೀಪಾವಳಿಗೆ ನಮ್ಮ ತಮ್ಮನ ಮಗಳು ಹುಬ್ಬಳ್ಳಿಯಿಂದ ಬಂದಳು. ಗಣಿತದ ಮೇಲಿನ ಪರೀಕ್ಷೆ ಕಟ್ಟಿದವಳು. ಮಾತಿಗೆ ಮಾತು ಬಂದು, "ದೊಡ್ಡಪ್ಪಾ, ಕೊರೊನಾ ಹೆಂಗ ಹರಡತು ಅನ್ನೋದರ ಚಿತ್ರ ಬರದಾರ, ನೋಡ್ರಿ" ಎಂದು ಒಂದು ಹಾಳೆ ತೋರಿಸಿದಳು. ಹಾಳೆಯ ತುಂಬ ಚುಕ್ಕೆ, ಚುಕ್ಕೆಗಳ ನಡುವೆ ಗೆರೆ. "ಇದೇನವ್ವಾ, ರಂಗೋಲಿ ಇದ್ದಂಗ ಐತಿ" ಎಂದೆವು. ಒಂದೊಂದು ಚುಕ್ಕೆ ಒಬ್ಬ ರೋಗಿ, ಒಂದೊಂದು ಗೆರೆ ಯಾರಿಂದ ಯಾರಿಗೆ ಬಂತೆಂಬ ಗುರುತು ಎಂದು ಆಕೆ ತಿಳಿಸಿದಳು.

ಕರ್ನಾಟಕ ಸರಕಾರ ಆ ವರ್ಷ ರೋಗಿಗಳ ಹೆಸರು ಮುಚ್ಚಿಟ್ಟು, ಬರಿಯ ಸಂಖ್ಯೆ ಕೊಟ್ಟು, ಯಾರ ಸಂಪರ್ಕದಿಂದ ಬಂತೆಂಬುದನ್ನು ಪ್ರಕಟಿಸುತ್ತಿತ್ತು. ಅದರಲ್ಲಿ 1147 ರೋಗಿಗಳ ವಿವರವನ್ನು ಸಂಶೋಧಕರು ಈ ರೀತಿ ಜಾಲವಾಗಿ ಹೆಣೆದು ನೋಡಿದರು. ಅವರ ಬರಹ 2020ರಲ್ಲಿಯೇ ಪ್ರಕಟವಾಯಿತು. ದಾಖಲೆಯ ಪ್ರಕಾರ ಇನ್ನೊಬ್ಬರಿಗೆ ರೋಗ ದಾಟಿಸಿದವರು 199 ಮಂದಿ ಮಾತ್ರ, ಅಂದರೆ ನೂರಕ್ಕೆ ಹದಿನೇಳು. ಒಂದು ಚುಕ್ಕೆಯಿಂದ 47 ಗೆರೆಗಳು ಹೊರಟಿದ್ದವು. ಉಳಿದ 948 ಮಂದಿಯಿಂದ ಒಂದು ಗೆರೆಯೂ ಹೊರಟಿರಲಿಲ್ಲ. ನಾವು ವ್ಯಾಪಾರಸ್ಥರು, ಇದು ಬೇಗ ತಿಳಿಯಿತು. ಉದರಿ ಖಾತೆಯಲ್ಲಿ ಹೆಸರು ಇನ್ನೂರಿದ್ದರೂ ಹಣ ಸಿಕ್ಕಿಕೊಂಡಿರುವುದು ಕೆಲವರ ಹತ್ತಿರವೇ ಅಲ್ಲವೇ!

ಆದರೆ ನಮ್ಮ ಎದೆಗೆ ನಾಟಿದ್ದು ಆಕೆ ಹೇಳಿದ ಇನ್ನೊಂದು ಲೆಕ್ಕ. ಒಬ್ಬನಿಗೆ ಎಷ್ಟು ಗೆರೆಗಳಿವೆ ಎಂಬುದೊಂದೇ ಮುಖ್ಯವಲ್ಲ. ಎರಡು ಗುಂಪುಗಳ ನಡುವಿನ ದಾರಿ ಯಾರನ್ನು ಹಾದು ಹೋಗುತ್ತದೆ ಎಂಬುದನ್ನೂ ನೋಡಬೇಕು. ಇದಕ್ಕೆ ನಮಗೆ ತಟ್ಟನೆ ನೆನಪಾದದ್ದು ಪಣಜಿಯ ಮಾಂಡವಿ ಸೇತುವೆ. 1986ರ ಜುಲೈ 5ರಂದು ಅದು ಕುಸಿದು ಬಿತ್ತು. ಮಡಗಾಂವದ ರಸ್ತೆಗಳೆಲ್ಲ ಸರಿಯಾಗಿಯೇ ಇದ್ದವು, ಮಾಪುಸಾದವೂ ಇದ್ದವು. ನಡುವಿನ ಒಂದು ಸೇತುವೆ ಹೋದದ್ದರಿಂದ ನಾವು ಮಾಪುಸಾಕ್ಕೆ ಕಳಿಸಿದ ಮಾಲು ಫೆರ್ರಿ ದೋಣಿಗಾಗಿ ದಡದಲ್ಲಿ ಕಾಯಬೇಕಾಯಿತು. ಮಾಲು ನಿಂತರೆ ನಷ್ಟ, ರೋಗ ನಿಂತರೆ ಲಾಭ. ಲೆಕ್ಕ ಒಂದೇ.

ಕರ್ನಾಟಕದ ಆ ಜಾಲದಲ್ಲಿ ಇಂಥ ನಡುವಿನ ಕೊಂಡಿಯಾಗಿದ್ದವರು 89 ಮಂದಿ. ಹೆಚ್ಚು ಜನರಿಗೆ ರೋಗ ದಾಟಿಸುವುದರಲ್ಲಿ ಸರಾಸರಿಯಲ್ಲಿ ಗಂಡಸರು ಮುಂದಿದ್ದರೆ, ನಡುವಿನ ಕೊಂಡಿಯಾಗುವುದರಲ್ಲಿ ಹೆಂಗಸರು ಮುಂದಿದ್ದರು. ಇದನ್ನು ಕೇಳಿ ನಮ್ಮ ಮನೆಯವರು, "ಅಡಗಿ ಮಾಡಿ, ಬ್ಯಾನಿ ಬಿದ್ದವರನ್ನ ನೋಡಿ, ಮಗ್ಗಲ ಮನಿಗೂ ಹೋಗಿ ಬರೋರು ಯಾರು? ಇದಕ್ಕ ಲೆಕ್ಕ ಬೇಕಾತೇನು?" ಎಂದರು.

ಈ ವಿದ್ಯೆ ದೇಹದ ಒಳಗೂ ನಡೆಯುತ್ತದಂತೆ. ಹಂಗೇರಿಯನ್ ಮೂಲದ ಬರಬಾಶಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2001ರಲ್ಲಿ, ಹಿಟ್ಟು ಹುದುಗಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿಯೊಳಗಿನ ಪ್ರೋಟೀನುಗಳ ಜಾಲವನ್ನು ಪರಿಶೀಲಿಸಿದರು. ಐದು ಅಥವಾ ಅದಕ್ಕೂ ಕಡಿಮೆ ಸಂಬಂಧಗಳಿರುವ ಪ್ರೋಟೀನುಗಳಲ್ಲಿ, ಇಲ್ಲದಿದ್ದರೆ ಜೀವಿ ಬದುಕದು ಎನ್ನುವಂಥವು ಸುಮಾರು ನೂರಕ್ಕೆ 21. ಹದಿನೈದಕ್ಕಿಂತ ಹೆಚ್ಚು ಸಂಬಂಧಗಳಿರುವವುಗಳಲ್ಲಿ ನೂರಕ್ಕೆ 62. ಮುಂದೆ 2007ರಲ್ಲಿ ಅವರ ತಂಡ 1284 ಕಾಯಿಲೆಗಳನ್ನೂ ಅವಕ್ಕೆ ಸಂಬಂಧಪಟ್ಟ 1777 ವಂಶವಾಹಿಗಳನ್ನೂ ಒಂದೇ ನಕ್ಷೆಯಲ್ಲಿ ಜೋಡಿಸಿತು. ಅವುಗಳಲ್ಲಿ 867 ಕಾಯಿಲೆಗಳು ಬೇರೆ ಒಂದಲ್ಲ ಒಂದು ಕಾಯಿಲೆಯೊಡನೆ ನಂಟುಳ್ಳವು. ಒಂದು ಅಂಗವನ್ನು ಮಾತ್ರ ನೋಡದೆ ಅದರ ಸಂಬಂಧಗಳನ್ನೂ ನೋಡಿ ಔಷಧ ಹುಡುಕುವ ದಾರಿ ಇದರಿಂದ ತೆರೆಯಿತು.

ಇದನ್ನೆಲ್ಲ ಆಕೆ ಹೇಳುತ್ತಿರುವಾಗ ನಮ್ಮ ಕಣ್ಣು ಆ ಚುಕ್ಕೆಗಳ ಮೇಲೆಯೇ ಇತ್ತು. ಪೇಟೆಯಲ್ಲಿ ನಾವು ದೊಡ್ಡವರೆಂದು ತಿಳಿದಿದ್ದೆವು. ದಿವಾಣಜಿಗೆ ನಮಸ್ಕಾರ ಹೇಳುವವರು ನಾಲ್ಕು ಮಂದಿ ಇದ್ದರೆ ಹೆಚ್ಚು. ಆದರೆ ನಾಲ್ಕು ಅಂಗಡಿಗಳ ನಡುವಿನ ಸೇತುವೆ ಅವರೇ ಆಗಿದ್ದರು. ನಾವು ಬರೆಸಿದ ಏಳು ಹೆಸರುಗಳಲ್ಲಿ ಐದು ನಮ್ಮ ಮನೆಯವರದೇ, ಅವರು ಹೇಗೂ ಮನೆಯಲ್ಲಿಯೇ ಇದ್ದರು. ಬಹಳ ಬೇಕಾಗಿದ್ದ ಹೆಸರನ್ನೇ ಬಿಟ್ಟಿದ್ದೆವು. ಎಷ್ಟು ದೊಡ್ಡ ವಿದ್ಯೆಯಾದರೂ ಜನ ಬರೆಸಿದ ಗೆರೆಗಳನ್ನಷ್ಟೇ ತೋರಿಸೀತು.

ಮರುದಿನ ದಿವಾಣಜಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆವು. ಅವರು ಸಿಟ್ಟು ಮಾಡಲಿಲ್ಲ. "ಸಾವಕಾರ್ರ, ಹೆಸರು ಬರಸಿದ್ರ ಹದಿನಾಕು ದಿನ ಮನ್ಯಾಗ ಕುಂದರತಿದ್ದೆ, ಅಷ್ಟ ಹೌದಲ್ಲೋ" ಎಂದರು. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಅಲ್ಲಿಂದ ಮೂರನೆಯ ಅಂಗಡಿಗೆ ಹೋದೆವು. ಮಾಲೀಕರು ಕೊನೆತನಕ ಕೇಳಿಸಿಕೊಂಡು, ಬಹಳ ಹೊತ್ತು ಸುಮ್ಮನಿದ್ದು, ಹುಡುಗನಿಗೆ ಚಹಾ ತರಲು ಹೇಳಿದರು. ಚಹಾ ಕುಡಿದು ಎದ್ದೆವು. ಇಂದಿಗೂ ವ್ಯವಹಾರ ಇದೆ, ಮೊದಲಿನ ಹಾಗೆ ಕೂತು ಮಾತಾಡುವುದಿಲ್ಲ. ಅದು ಅವರ ಹಕ್ಕು.

ಕೊರೊನಾದ ಆ ದಿನಗಳು ಹೋದವು, ರೋಗಗಳು ಹೋಗಿಲ್ಲ. ಕ್ಷಯರೋಗ ಬಂದವರ ಮನೆಗೂ ಆರೋಗ್ಯ ಕಾರ್ಯಕರ್ತರು ಬಂದು, ಜೊತೆಯಲ್ಲಿ ಇರುವವರು ಯಾರೆಂದು ಕೇಳುತ್ತಾರೆ. ಹೆಸರು ಸಿಕ್ಕರೆ ಅವರ ಪರೀಕ್ಷೆಯೂ ಆಗುತ್ತದೆ, ಬೇಕಾದವರಿಗೆ ಮುಂಜಾಗ್ರತೆಯ ಔಷಧವೂ ಸಿಗುತ್ತದೆ. ಆದ್ದರಿಂದ ತಮ್ಮಲ್ಲಿ ಎರಡು ವಿನಂತಿ. ಯಾರಾದರೂ ಕೇಳಿದರೆ ಎಲ್ಲ ಹೆಸರನ್ನೂ ಹೇಳಿರಿ. ಮುಖ್ಯವಾಗಿ ಮನೆಯಿಂದ ಮನೆಗೆ, ಅಂಗಡಿಯಿಂದ ಅಂಗಡಿಗೆ ತಿರುಗುವ ಸಣ್ಣ ಮನುಷ್ಯರ ಹೆಸರನ್ನು ಮರೆಯಬೇಡಿರಿ. ಹಾಗೆ ಹೇಳಿದ್ದರಿಂದ ಅವರ ಕೆಲಸ ನಿಂತರೆ ಆ ದಿನಗಳ ಪಗಾರವನ್ನು ತಾವೇ ಕೊಡಿರಿ. ಅಂದು ನಾವು ಉಳಿಸಿದ್ದು ಹದಿನಾಲ್ಕು ದಿನಗಳ ಲೆಕ್ಕದ ಕೆಲಸ. ಅದಕ್ಕೆ ತೆತ್ತ ಬೆಲೆಯನ್ನು ಬರೆಯಲು ನಮ್ಮ ಖಾತೆಯಲ್ಲಿ ಜಾಗವಿಲ್ಲ.